ಸಂಬಳವಿಲ್ಲದ ಓಟ: ಹ್ಯಾರಲ್ಡ್ ಏಬ್ರಹಾಮ್ಸ್ ಮತ್ತು ಅವರ ಕಾಲದ ‘ಹವ್ಯಾಸಿ’ ಓಟಗಾರರು

ಪ್ರಶ್ನೆ: 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಗೆದ್ದ ಇಂಗ್ಲೆಂಡಿನ ಹ್ಯಾರಲ್ಡ್ ಏಬ್ರಹಾಮ್ಸ್ ಕುರಿತ ಹಳೆಯ ಸಿನಿಮಾ ನೋಡಿದೆ. ಅವರೆಲ್ಲ ಹವ್ಯಾಸಿ ಓಟಗಾರರಂತೆ. ಹಾಗಾದರೆ ಅವರ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು? ದಿನಾ ಅಭ್ಯಾಸ ಮಾಡುತ್ತಿದ್ದರಾ? ಒಬ್ಬ ಕೋಚ್ ಇಟ್ಟುಕೊಂಡಿದ್ದೇ ದೊಡ್ಡ ತಪ್ಪಾಗಿದ್ದು ಯಾಕೆ? ಇನ್ನೊಂದು ಅನುಮಾನ. ಅವರ ಗೆಲುವಿನ ಸಮಯ 10.6 ಸೆಕೆಂಡ್. ಈಗ ನಮ್ಮ ಒಳ್ಳೆಯ ಕಾಲೇಜು ಹುಡುಗರೂ ಅಷ್ಟು ಓಡುತ್ತಾರಲ್ವಾ?

ಉತ್ತರ: ಮೊದಲು ಸಿನಿಮಾದ ವಿಷಯ ಮುಗಿಸಿಬಿಡೋಣ. 1981ರಲ್ಲಿ ಬಂದ ಆ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರ ಚೆನ್ನಾಗಿದೆ, ಆದರೆ ಅದನ್ನು ಚರಿತ್ರೆ ಅಂತ ನೋಡಬೇಡಿ. ಕಾಲೇಜಿನ ದೊಡ್ಡ ಅಂಗಳದಲ್ಲಿ ಗಡಿಯಾರ ಹನ್ನೆರಡು ಹೊಡೆದು ಮುಗಿಸುವಷ್ಟರಲ್ಲಿ ಸುತ್ತು ಹಾಕುವ ದೃಶ್ಯ ಇದೆಯಲ್ಲ, ಆ ಓಟವನ್ನು ಏಬ್ರಹಾಮ್ಸ್ ಓಡಲೇ ಇಲ್ಲ. ಅದು ಟ್ರಿನಿಟಿ ಕಾಲೇಜಿನ ಅಂಗಳ, ಇವರು ಓದಿದ್ದು ಕೇಂಬ್ರಿಡ್ಜ್‌ನದೇ ಇನ್ನೊಂದು ಕಾಲೇಜು ಕೀಸ್‌ನಲ್ಲಿ. ಆ ಸುತ್ತನ್ನು 1927ರಲ್ಲಿ ಓಡಿ ಹೆಸರು ಮಾಡಿದವರು ಹರ್ಡಲ್ಸ್ ಓಟಗಾರ ಲಾರ್ಡ್ ಬರ್ಲಿ. ಚಿತ್ರದಲ್ಲಿ ಒಲಿಂಪಿಕ್ಸ್‌ಗೆ ಮೊದಲೇ ಬರುವ ಗಾಯಕಿ ಸಿಬಿಲ್ ಎವರ್ಸ್, ನಿಜದಲ್ಲಿ ಏಬ್ರಹಾಮ್ಸ್‌ಗೆ ಪರಿಚಯವಾಗಿದ್ದು ಹತ್ತು ವರ್ಷ ಕಳೆದ ಮೇಲೆ, 1934ರಲ್ಲಿ. ಭಾನುವಾರ ಓಡುವುದಿಲ್ಲ ಅಂತ ಧರ್ಮದ ಕಾರಣಕ್ಕೆ 100 ಮೀಟರ್ ಬಿಟ್ಟ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್‌ಗೆ ಆ ಓಟದ ಹೀಟ್ಸ್ (ಮೊದಲ ಸುತ್ತು) ಭಾನುವಾರ ಇದೆ ಅನ್ನುವುದು ಹಡಗು ಹತ್ತುವಾಗ ಗೊತ್ತಾಗಿದ್ದೂ ಅಲ್ಲ. ಅವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಅದಕ್ಕೇ 400 ಮೀಟರ್‌ಗೆ ಸಿದ್ಧವಾಗಲು ಅವರಿಗೆ ಸಮಯ ಸಿಕ್ಕಿದ್ದು.

ಈಗ ಹೊಟ್ಟೆಪಾಡು. ನಿಮ್ಮ ಪ್ರಶ್ನೆಗಳಲ್ಲೆಲ್ಲ ಮುಖ್ಯವಾದದ್ದು ಇದೇ ಅಂತ ನನಗೆ ಅನಿಸುತ್ತದೆ. ಹವ್ಯಾಸಿ ಅಂದರೆ ದುಡ್ಡು ಮುಟ್ಟದವನು ಅನ್ನುವುದು ನಿಯಮದ ಪುಸ್ತಕದ ಮಾತು. ದುಡ್ಡು ಮುಟ್ಟದೆ ಓಡಲು ಯಾರಿಗೆ ಸಾಧ್ಯ ಅನ್ನುವುದು ಬೇರೆ ಮಾತು. ಇಂಗ್ಲೆಂಡಿನಲ್ಲಿ ಅಂಥವರು ಯಾರು ಅಂತ ನೋಡಿದರೆ ನಿಮ್ಮ ಉಳಿದ ಪ್ರಶ್ನೆಗಳೂ ಬಿಡಿಸಿಕೊಳ್ಳುತ್ತವೆ.

ಏಬ್ರಹಾಮ್ಸ್ ಹುಟ್ಟಿದ್ದು 1899ರ ಡಿಸೆಂಬರ್‌ನಲ್ಲಿ, ಬೆಡ್‌ಫರ್ಡ್ ಪಟ್ಟಣದಲ್ಲಿ. ತಂದೆ ಐಸಾಕ್ ಯಹೂದಿ. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲಿಥುವೇನಿಯಾ ಕಡೆಯಿಂದ ವಲಸೆ ಬಂದವರು. ಲೇವಾದೇವಿ ವ್ಯವಹಾರ ಮಾಡಿ ಕೈತುಂಬ ಸಂಪಾದಿಸಿದರು. ಮಕ್ಕಳನ್ನು ಚೆನ್ನಾಗಿ ಓದಿಸಿದರು. ದೊಡ್ಡಣ್ಣ ಅಡಾಲ್ಫ್ ಹೆಸರಾಂತ ವೈದ್ಯರಾದರು. ಬ್ರಿಟಿಷ್ ಅಥ್ಲೆಟಿಕ್ಸ್ ತಂಡದ ಆರೋಗ್ಯ ನೋಡಿಕೊಂಡವರು, ಅಲ್ಲಿನ ಕ್ರೀಡಾ ವೈದ್ಯಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಅವರೇ. ಇನ್ನೊಬ್ಬ ಅಣ್ಣ ಸಿಡ್ನಿ ಲಾಂಗ್ ಜಂಪ್ ಪಟು. 1906ರಲ್ಲಿ ಅಥೆನ್ಸ್‌ನಲ್ಲೂ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲೂ ಜಿಗಿದವರು, ಆಮೇಲೆ ಸಿಲೋನಿನ ಮುಖ್ಯ ನ್ಯಾಯಾಧೀಶರೂ ಆದರು. ಇಂಥ ಮನೆಯಲ್ಲಿ ಕಿರಿಯನಾಗಿ ಹುಟ್ಟಿದವನಿಗೆ ಸುಮ್ನೆ ಕೂರಲು ಆಗುತ್ತದಾ? ಅಣ್ಣಂದಿರನ್ನು ಮೀರಿಸಬೇಕು ಅನ್ನುವ ಹಟ ಒಂದು ಕಡೆ. ಯಹೂದಿ ಅಂತ ಶಾಲೆಯಲ್ಲೂ ಹೊರಗೂ ಎದುರಾದ ಚುಚ್ಚುಮಾತು, ಅಸಡ್ಡೆ ಇನ್ನೊಂದು ಕಡೆ. ತನ್ನನ್ನು ಓಡಿಸಿದ್ದರಲ್ಲಿ ಈ ಎರಡೂ ಇದ್ದವು ಅಂತ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅವರು ಕೇಂಬ್ರಿಡ್ಜ್ ಸೇರಿ ಕಾನೂನು ಓದಿದರು. ಪ್ರತಿ ವರ್ಷ ಆಕ್ಸ್‌ಫರ್ಡ್ ಜತೆ ನಡೆಯುವ ಕೂಟದಲ್ಲಿ 1920ರಿಂದ 1923ರವರೆಗೆ ನಾಲ್ಕು ವರ್ಷವೂ 100 ಗಜದ ಓಟ ಅವರದ್ದೇ. ಗಜ ಅಂದೆ, ಗಮನಿಸಿ. ಇಂಗ್ಲೆಂಡಿನ ದೇಶೀ ಕೂಟಗಳಲ್ಲಿ ಆಗ ಮೀಟರ್ ಲೆಕ್ಕ ಇರಲಿಲ್ಲ. 100 ಗಜ ಅಂದರೆ 91.44 ಮೀಟರ್. ಒಲಿಂಪಿಕ್ಸ್‌ಗೆ ಹೋದಾಗ ಅವರು ತಮಗೆ ರೂಢಿಯಿದ್ದ ದೂರಕ್ಕಿಂತ ಎಂಟೂವರೆ ಮೀಟರ್ ಜಾಸ್ತಿ ಓಡಬೇಕಿತ್ತು.

1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಅವರ ಆಟ ನಡೆಯಲಿಲ್ಲ. 100 ಮೀಟರ್‌ನಲ್ಲಿ ಕ್ವಾರ್ಟರ್ ಫೈನಲ್‌ಗೇ ಮುಗಿಯಿತು, ಲಾಂಗ್ ಜಂಪ್‌ನಲ್ಲಿ 20ನೇ ಸ್ಥಾನ. (ಅದೇ ಆಂಟ್ವರ್ಪ್‌ನಲ್ಲಿ ನಮ್ಮ ಬೆಳಗಾವಿಯ ಪಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಅವರ ಹೆಸರು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?) ಸ್ವಂತ ಶಕ್ತಿ ಎಲ್ಲಿಯವರೆಗೆ ಕರೆದೊಯ್ಯುತ್ತದೆ ಅಂತ ಏಬ್ರಹಾಮ್ಸ್‌ಗೆ ಅಲ್ಲಿ ಗೊತ್ತಾಯಿತು. ಮುಂದಿನ ದಾರಿಗೆ ಒಬ್ಬ ಗುರು ಬೇಕಿತ್ತು.

ಇಲ್ಲಿಂದ ನಿಮ್ಮ ಕೋಚ್ ಪ್ರಶ್ನೆ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1860ರ ದಶಕದಲ್ಲಿ ಲಂಡನ್ನಿನ ದೊಡ್ಡ ಮನೆತನದವರು ಕಟ್ಟಿಕೊಂಡ ಅಥ್ಲೆಟಿಕ್ ಕ್ಲಬ್ ಒಂದು ನಿಯಮ ಮಾಡಿತ್ತು. ಮೆಕ್ಯಾನಿಕ್, ಕುಶಲಕರ್ಮಿ, ಕೂಲಿ ಇವರು ಯಾರೂ ಹವ್ಯಾಸಿಗಳಲ್ಲ! ಕೈಕೆಲಸ ಮಾಡುವವನ ಮೈಯಲ್ಲಿ ಕಸುವು ಜಾಸ್ತಿ, ಅವನ ಜತೆ ಓಡುವುದು ನ್ಯಾಯವಲ್ಲ ಅನ್ನುವುದು ಅವರು ಕೊಟ್ಟ ನೆಪ. ನಿಜ ಏನೆಂದರೆ ಗುಮಾಸ್ತನ, ಗಾರೆಯವನ ಜತೆ ಒಂದೇ ಗೆರೆಯಲ್ಲಿ ನಿಲ್ಲಲು ಇಷ್ಟವಿರಲಿಲ್ಲ. 1880ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅಮೆಚೂರ್ (ಅಂದರೆ ಹವ್ಯಾಸಿ) ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದಾಗ ಆ ಕೂಲಿಕಾರರ ನಿಷೇಧವನ್ನು ತೆಗೆದರು. ಆ ಮಟ್ಟಿಗೆ ಓಟದವರು ಮೇಲು. ದೋಣಿ ಸ್ಪರ್ಧೆಗೆ ಹೆಸರಾದ ಹೆನ್ಲಿಯಲ್ಲಿ ಅದು 1937ರವರೆಗೂ ಉಳಿದಿತ್ತು. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿಯನ್ನು ಹೆನ್ಲಿಯವರು ಸೇರಿಸಿಕೊಳ್ಳಲಿಲ್ಲ. ಅವರ ಕ್ಲಬ್ ಮೇಲೆ ಹಳೆಯ ತಕರಾರು ಒಂದು ಕಾರಣ, ಅವರು ಹಿಂದೆ ಇಟ್ಟಿಗೆ ಕಟ್ಟುವ ಕೆಲಸ ಮಾಡಿದ್ದರು ಅನ್ನುವುದು ಇನ್ನೊಂದು. ಅದೇ ವರ್ಷ ಅವರು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಮುಂದೆ ನಟಿ ಗ್ರೇಸ್ ಕೆಲ್ಲಿಯ ತಂದೆಯೂ ಆದರು.

ಓಟದ ಸಂಸ್ಥೆಯಲ್ಲಿ ಉಳಿದ ನಿಯಮಗಳು ಇವು: ನಗದು ಬಹುಮಾನಕ್ಕೆ ಓಡಿದವನು ವೃತ್ತಿಪರ. ಗೊತ್ತಿದ್ದೂ ವೃತ್ತಿಪರರ ಜತೆ ಓಡಿದವನೂ ವೃತ್ತಿಪರ, ಕಾಸು ತೆಗೆದುಕೊಳ್ಳದಿದ್ದರೂ ಸರಿ. ಓಟ ಕಲಿಸಿ ಹೊಟ್ಟೆ ಹೊರೆಯುವವನೂ ವೃತ್ತಿಪರನೇ. ಗೆದ್ದವರಿಗೆ ಬೆಳ್ಳಿ ಬಟ್ಟಲೋ ಗಡಿಯಾರವೋ ಚಮಚ-ಚಾಕುಗಳ ಪೆಟ್ಟಿಗೆಯೋ ಕೊಡಬಹುದು, ಅದರ ಬೆಲೆಗೂ ಮಿತಿ ಇತ್ತು. ದುಡ್ಡಿಗೆ ಓಡಬೇಕಾದ ಬಡ ಹುಡುಗರಿಗೆ ಬೇರೆ ಲೋಕವೇ ಇತ್ತು. ಎಡಿನ್‌ಬರೋದ ಪೌಡರ್‌ಹಾಲ್‌ನಲ್ಲಿ ಹೊಸ ವರ್ಷದ ಹೊತ್ತಿಗೆ ನಡೆಯುವ ಓಟಕ್ಕೆ ಬಹುಮಾನದ ದುಡ್ಡೂ ಇತ್ತು, ಬೆಟ್ಟಿಂಗೂ ಇತ್ತು. ಒಮ್ಮೆ ಆ ಕಡೆ ಕಾಲಿಟ್ಟರೆ ಒಲಿಂಪಿಕ್ಸ್ ಬಾಗಿಲು ಮುಚ್ಚಿದ ಹಾಗೆ.

ಕಲಿಸುವವನು ವೃತ್ತಿಪರ ಅಂದೆನಲ್ಲ, ಇನ್ನೊಂದು ಸಲ ನೋಡಿ. ನಿಯಮ ಹಿಡಿಯುವುದು ಕೋಚನ್ನು, ಶಿಷ್ಯನನ್ನಲ್ಲ. ಹಾಗಾಗಿ ಏಬ್ರಹಾಮ್ಸ್ ಸ್ವಂತ ದುಡ್ಡು ಕೊಟ್ಟು ಸ್ಯಾಮ್ ಮುಸಾಬಿನಿ ಅನ್ನುವ ತರಬೇತುದಾರನನ್ನು ಇಟ್ಟುಕೊಂಡಿದ್ದರಲ್ಲಿ ಕಾನೂನು ಪ್ರಕಾರ ತಪ್ಪೇನೂ ಇರಲಿಲ್ಲ. ಚುಚ್ಚಿದ್ದು ಮರ್ಯಾದೆಯ ಪ್ರಶ್ನೆ. ದೊಡ್ಡ ಮನುಷ್ಯ ಆಟವನ್ನು ಆಟದ ಹಾಗೆ ಆಡಬೇಕು. ಬೆವರು ಸುರಿಸುವುದು ಕಾಣಬಾರದು, ಗೆಲ್ಲಲೇಬೇಕು ಅನ್ನುವ ಹಸಿವು ಮುಖದಲ್ಲಿ ಕಾಣಬಾರದು. ಏಬ್ರಹಾಮ್ಸ್‌ಗೆ ಆ ಹಸಿವು ಇತ್ತು, ಅವರು ಮುಚ್ಚಿಡಲೂ ಇಲ್ಲ. ಅವರು ಯಹೂದಿ ಅನ್ನುವುದು ಕೆಲವರ ಗೊಣಗಾಟಕ್ಕೆ ಇನ್ನಷ್ಟು ಖಾರ ಬೆರೆಸಿತು.

ಮುಸಾಬಿನಿಯವರ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ಪ್ರಕಾರ ಈ ಕಥೆಯಲ್ಲಿ ಅನ್ಯಾಯ ಆಗಿದ್ದು ಅವರಿಗೇ. ಲಂಡನ್ನಿನಲ್ಲೇ ಹುಟ್ಟಿದವರು, ಹೆಸರು ಮಾತ್ರ ಪರದೇಶದ್ದು. ಪತ್ರಕರ್ತರು, ಬಿಲಿಯರ್ಡ್ಸ್ ಬಗ್ಗೆ ಬರೆದವರು. ಪಾಲಿಟೆಕ್ನಿಕ್ ಹ್ಯಾರಿಯರ್ಸ್ ಕ್ಲಬ್ಬಿನ ಓಟಗಾರರಿಗೆ ಕಲಿಸುತ್ತಿದ್ದರು. 1908ರಲ್ಲಿ 100 ಮೀಟರ್ ಗೆದ್ದ ದಕ್ಷಿಣ ಆಫ್ರಿಕಾದ ರೆಗ್ಗಿ ವಾಕರ್ ಇವರ ಶಿಷ್ಯ. 1920ರಲ್ಲಿ 800 ಮತ್ತು 1500 ಮೀಟರ್ ಎರಡನ್ನೂ ಗೆದ್ದ ಆಲ್ಬರ್ಟ್ ಹಿಲ್ ಇವರ ಶಿಷ್ಯ. ಇಷ್ಟಿದ್ದರೂ ಬ್ರಿಟಿಷ್ ತಂಡದಲ್ಲಿ ಅಧಿಕೃತವಾಗಿ ಇವರಿಗೆ ಜಾಗವಿರಲಿಲ್ಲ, ದುಡ್ಡು ತೆಗೆದುಕೊಂಡು ಕಲಿಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ. 1927ರಲ್ಲಿ ಅವರು ತೀರಿಕೊಂಡರು. ಒಳ್ಳೆಯ ತರಬೇತುದಾರರಿಗೆ ಅವರ ಹೆಸರಿನ ಪದಕ ಕೊಡಲು ಬ್ರಿಟನ್‌ಗೆ ನೆನಪಾಗಿದ್ದು 1998ರಲ್ಲಿ!

ಅವರು ಏನು ಕಲಿಸಿದರು? ಹುರುಪು ತುಂಬುವ ಭಾಷಣ ಅಲ್ಲ, ಅಳತೆ. ಏಬ್ರಹಾಮ್ಸ್ ಉದ್ದ ಕಾಲಿನ ಎತ್ತರದ ಆಳು. ಹೆಜ್ಜೆ ಅಗಲವಾಗಿ ಹಾಕುವ ಚಟ. ಕಾಲು ಮೈಗಿಂತ ತೀರಾ ಮುಂದೆ ಬಿದ್ದರೆ ಅದೇ ಬ್ರೇಕ್ ಹಾಕಿದಂತಾಗುತ್ತದೆ. ಮುಸಾಬಿನಿ ಹೆಜ್ಜೆಯನ್ನು ಒಂದಿಷ್ಟು ಗಿಡ್ಡ ಮಾಡಿಸಿದರು. ಟ್ರ್ಯಾಕ್ ಮೇಲೆ ಅಳತೆಗೆ ಸರಿಯಾಗಿ ಕಾಗದದ ಚೂರು ಇಡುವುದು, ಓಡುತ್ತಾ ಶೂನ ಮೊಳೆಗೆ ಅವು ಚುಚ್ಚಿಕೊಳ್ಳುವ ಹಾಗೆ ಹೆಜ್ಜೆ ಹಾಕುವುದು, ಹೀಗಿತ್ತು ಅಭ್ಯಾಸ. ಮೊದಲ ಹೆಜ್ಜೆ ಎಲ್ಲಿ ಬೀಳಬೇಕು ಅಂತ ದಾರ ಹಿಡಿದು ಅಳೆಯುತ್ತಿದ್ದರು. ಕೈ ಬೀಸುವ ರೀತಿ ಬದಲಾಯಿತು. ಕೊನೆಯಲ್ಲಿ ಟೇಪ್‌ಗೆ ಎದೆಯೊಡ್ಡಿ ಬಾಗುವುದು ಯಾವ ಹೆಜ್ಜೆಯಲ್ಲಿ ಅನ್ನುವುದನ್ನೂ ತಿದ್ದಿದರು. ಇಷ್ಟೆಲ್ಲ ವಾರಕ್ಕೆ ಎರಡು ಮೂರು ದಿನದ ಅಭ್ಯಾಸದಲ್ಲಿ. ದಿನಾ ಓಡುತ್ತಿದ್ದರಾ ಅಂತ ಕೇಳಿದಿರಲ್ಲ. ಇಲ್ಲ. ಆದರೂ ಬೇರೆಯವರಿಗಿಂತ ಇದು ಎಷ್ಟೋ ಜಾಸ್ತಿ. ಜಿಮ್ ಗಿಮ್ ಏನೂ ಇರಲಿಲ್ಲ.

ಶೂ ವಿಷಯ ಸ್ವಾರಸ್ಯವಾಗಿದೆ. ಬೋಲ್ಟನ್ ಊರಿನ ಫಾಸ್ಟರ್ ಮನೆತನದವರು ಕೈಯಲ್ಲಿ ಹೊಲಿದ ಚರ್ಮದ ಮೊಳೆ-ಶೂ ಅದು. ಏಬ್ರಹಾಮ್ಸ್, ಲಿಡೆಲ್ ಇಬ್ಬರೂ ಅದನ್ನೇ ಹಾಕುತ್ತಿದ್ದರು. ಅದೇ ಮನೆತನದ ಮೊಮ್ಮಕ್ಕಳು 1958ರಲ್ಲಿ ಶುರು ಮಾಡಿದ ಕಂಪನಿಯೇ ರೀಬಾಕ್.

1924ರ ಜೂನ್‌ನಲ್ಲಿ ಏಬ್ರಹಾಮ್ಸ್ 24 ಅಡಿ ಎರಡೂವರೆ ಇಂಚು, ಅಂದರೆ 7.38 ಮೀಟರ್ ಉದ್ದ ಜಿಗಿದರು. ಆ ಇಂಗ್ಲಿಷ್ ದಾಖಲೆ 30 ವರ್ಷಕ್ಕೂ ಮಿಕ್ಕಿ ಉಳಿಯಿತು. ಇದರಿಂದ ಒಂದು ತಾಪತ್ರಯ ಆಯಿತು. ಆಯ್ಕೆದಾರರು ಒಲಿಂಪಿಕ್ಸ್‌ನಲ್ಲಿ ಲಾಂಗ್ ಜಂಪ್‌ಗೂ ಅವರ ಹೆಸರು ಸೇರಿಸಿದರು. ಅದೂ ಮಾಡಿದರೆ 100 ಮೀಟರ್‌ಗೆ ಕಾಲಲ್ಲಿ ಏನೂ ಉಳಿಯುವುದಿಲ್ಲ. ಏನು ಮಾಡಿದರು ಗೊತ್ತಾ? ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಗೆ ಹೆಸರು ಹಾಕದೆ ಒಂದು ಕಾಗದ ಬರೆದರು. ಏಬ್ರಹಾಮ್ಸ್‌ನನ್ನು ಲಾಂಗ್ ಜಂಪ್‌ಗೆ ಹಾಕಿದ್ದು ಸರಿಯಲ್ಲ ಅಂತ ಟೀಕಿಸಿ, ಕೆಳಗೆ ಒಬ್ಬ ಹೆಸರಾಂತ ಅಂತರರಾಷ್ಟ್ರೀಯ ಆಟಗಾರ ಅಂತ ಸಹಿ! ಕೊನೆಗೆ ಆ ಸ್ಪರ್ಧೆಯಿಂದ ಅವರು ಪಾರಾದರು. ಒಳ್ಳೆ ವಕೀಲರಾಗುವ ಲಕ್ಷಣ ಆಗಲೇ ಕಾಣುತ್ತದೆ.

ಪ್ಯಾರಿಸ್‌ನ ಕೊಲೊಂಬ್ ಕ್ರೀಡಾಂಗಣದಲ್ಲಿ ಅಮೆರಿಕನ್ನರೇ ಗೆಲ್ಲುತ್ತಾರೆ ಅಂತ ಎಲ್ಲರ ಲೆಕ್ಕ. ಚಾರ್ಲಿ ಪ್ಯಾಡಕ್ ಹಿಂದಿನ ಒಲಿಂಪಿಕ್ ಚಾಂಪಿಯನ್, 1921ರಲ್ಲಿ 10.4 ಸೆಕೆಂಡ್‌ನ ವಿಶ್ವದಾಖಲೆ ಮಾಡಿದವರು. ಜಾಕ್ಸನ್ ಶೋಲ್ಜ್, ಲೊರೆನ್ ಮರ್ಚಿಸನ್, ಚೆಸ್ಟರ್ ಬೋಮನ್ ಒಬ್ಬರಿಗಿಂತ ಒಬ್ಬರು ಚುರುಕು. ಜುಲೈ 6ರಂದು ಹೀಟ್ಸ್ ಮತ್ತು ಕ್ವಾರ್ಟರ್ ಫೈನಲ್, 7ರಂದು ಸೆಮಿಫೈನಲ್ ಮತ್ತು ಫೈನಲ್. ಕ್ವಾರ್ಟರ್ ಫೈನಲ್‌ನಲ್ಲಿ ಏಬ್ರಹಾಮ್ಸ್ 10.6 ಓಡಿ ಒಲಿಂಪಿಕ್ ದಾಖಲೆಯನ್ನು ಸರಿಗಟ್ಟಿದರು. ಸೆಮಿಫೈನಲ್‌ನಲ್ಲಿ ಇನ್ನೇನು ಎಲ್ಲ ಕೈಬಿಟ್ಟುಹೋಗಬೇಕಿತ್ತು. ಪಕ್ಕದಲ್ಲಿ ಯಾರೋ ಅಲುಗಾಡಿದ್ದು ಕಂಡು, ಸ್ಟಾರ್ಟ್ ತಪ್ಪಾಯಿತು, ವಾಪಸ್ ಕರೆಯುತ್ತಾರೆ ಅಂದುಕೊಂಡರು. ಕರೆಯಲಿಲ್ಲ. ಎಲ್ಲರಿಗಿಂತ ಹಿಂದೆ ಬಿದ್ದು, ಅಟ್ಟಿಸಿಕೊಂಡು ಹೋಗಿ, ಕೆಲವೇ ಇಂಚುಗಳಲ್ಲಿ ಗೆದ್ದರು. ಅಲ್ಲೂ 10.6. ನನ್ನನ್ನು ಕೇಳಿದರೆ ಫೈನಲ್‌ಗಿಂತ ಈ ಓಟವೇ ಅವರ ಜೀವನದ ದೊಡ್ಡ ಓಟ. ಅಷ್ಟು ಹಿಂದೆ ಬಿದ್ದೂ ಹೆಜ್ಜೆಯ ಅಳತೆ ಕೆಡಲಿಲ್ಲ.

ಫೈನಲ್ ಸಂಜೆ ಏಳಕ್ಕೆ. ಮುಸಾಬಿನಿ ಕೊಟ್ಟಿದ್ದ ಸಲಹೆ ಚಿಕ್ಕದು: ಎರಡೇ ವಿಷಯ ತಲೆಯಲ್ಲಿರಲಿ, ಪಿಸ್ತೂಲಿನ ಸದ್ದು ಮತ್ತು ಟೇಪ್. ಅರ್ಧ ದಾರಿ ದಾಟುವಷ್ಟರಲ್ಲಿ ಏಬ್ರಹಾಮ್ಸ್ ಮುಂದಿದ್ದರು. ಮತ್ತೆ 10.6. ಶೋಲ್ಜ್ ಎರಡನೆಯವರು, ನ್ಯೂಜಿಲೆಂಡಿನ ಆರ್ಥರ್ ಪೊರಿಟ್ ಮೂರನೆಯವರು, ಪ್ಯಾಡಕ್ ಐದಕ್ಕೆ ಕುಸಿದರು. ಒಲಿಂಪಿಕ್ 100 ಮೀಟರ್ ಗೆದ್ದ ಮೊದಲ ಯುರೋಪಿಯನ್ ಏಬ್ರಹಾಮ್ಸ್. ಬ್ರಿಟನ್‌ಗೆ ಈ ಓಟದಲ್ಲಿ ಮುಂದಿನ ಚಿನ್ನ ಬಂದಿದ್ದು 1980ರಲ್ಲಿ, ಆ್ಯಲನ್ ವೆಲ್ಸ್ ಅವರಿಂದ. ಮೂವರು ನಿಲ್ಲುವ ವೇದಿಕೆ ಆಗ ಇರಲೇ ಇಲ್ಲ, ಅದು ಬಂದಿದ್ದು 1932ರಲ್ಲಿ. ಪೊರಿಟ್ ಮುಂದೆ ಸರ್ಜನ್ ಆದರು, ನ್ಯೂಜಿಲೆಂಡಿನ ಗವರ್ನರ್ ಜನರಲ್ ಕೂಡ ಆದರು. ಪ್ರತಿ ವರ್ಷ ಜುಲೈ 7ರ ಸಂಜೆ ಏಳಕ್ಕೆ ಅವರೂ ಏಬ್ರಹಾಮ್ಸ್ ಅವರೂ ಕೂತು ಊಟ ಮಾಡುತ್ತಿದ್ದರಂತೆ, ಏಬ್ರಹಾಮ್ಸ್ ಬದುಕಿರುವವರೆಗೆ. ಪ್ಯಾರಿಸ್‌ನಲ್ಲಿ ಉಳಿದಿದ್ದು ಬೇಗ ಹೇಳಿಬಿಡುತ್ತೇನೆ: 200 ಮೀಟರ್ ಫೈನಲ್‌ನಲ್ಲಿ ಕೊನೆಯ ಸ್ಥಾನ, 4x100 ರಿಲೇಯಲ್ಲಿ ಬೆಳ್ಳಿ.

ಈಗ 10.6ರ ಮಾತು. ಇದನ್ನು ಇವತ್ತಿನ ಬೋರ್ಡಿನಲ್ಲಿ ಕಾಣುವ ಅಂಕಿಯ ಪಕ್ಕ ಹಾಗೇ ಇಡಬೇಡಿ. ಅದು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ ಸಮಯ. ಪಿಸ್ತೂಲಿನ ಹೊಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಒಂದಿಷ್ಟು ಹೊತ್ತು ಕಳೆದಿರುತ್ತದೆ. ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸಲು 100 ಮೀಟರ್‌ಗೆ 0.24 ಸೆಕೆಂಡ್ ಕೂಡಿಸುವುದು ವಾಡಿಕೆ. ಆ ಲೆಕ್ಕದಲ್ಲಿ ಅದು ಸುಮಾರು 10.84. ಹಾಗಾದರೆ ಇನ್ನೂ ನಿಧಾನವಾಯಿತಲ್ಲ ಅಂತೀರಾ? ತಾಳಿ. ಓಡಿದ್ದು ಕಲ್ಲಿದ್ದಲ ಬೂದಿ ಹಾಸಿದ ಟ್ರ್ಯಾಕ್ ಮೇಲೆ. ಕಾಲು ಒತ್ತಿದಲ್ಲಿ ಅದು ಕುಸಿಯುತ್ತದೆ, ಮುಂದಿನ ಓಟಕ್ಕೆ ಗುಂಡಿ ಗುಂಡಿಯಾಗಿರುತ್ತದೆ. ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂದಿದ್ದು 1968ರಲ್ಲಿ. ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಪ್ರತಿಯೊಬ್ಬ ಓಟಗಾರನೂ ಒಂದು ಚಿಕ್ಕ ಕರಣೆ ತಂದು ತನ್ನ ಕಾಲಿಗೆ ತಾನೇ ಗುಂಡಿ ತೋಡಿಕೊಳ್ಳಬೇಕಿತ್ತು. ಬ್ಲಾಕ್ ಒಲಿಂಪಿಕ್ಸ್‌ಗೆ ಕಾಲಿಟ್ಟಿದ್ದು 1948ರಲ್ಲಿ. ಮೇಲಾಗಿ ಎರಡು ದಿನದಲ್ಲಿ ನಾಲ್ಕು ಓಟ, ಮಸಾಜು ಆಹಾರ ತಜ್ಞರು ಯಾರೂ ಇಲ್ಲದೆ. ನಮ್ಮ ಕಾಲೇಜು ಹುಡುಗರಿಗೆ ಕರಣೆ ಕೊಟ್ಟು ಬೂದಿಯ ಟ್ರ್ಯಾಕ್ ಮೇಲೆ ಓಡಿಸಿದರೆ ಆಗ ಹೋಲಿಕೆ ಸರಿಹೋಗುತ್ತದೆ.

ಗೆದ್ದ ಮೇಲೆ ದುಡ್ಡೇನೂ ಬರಲಿಲ್ಲ. ಜಾಹೀರಾತು ಮಾಡುವ ಹಾಗಿರಲಿಲ್ಲ. ಏಬ್ರಹಾಮ್ಸ್‌ಗೆ ವಕೀಲಿ ವೃತ್ತಿ ಇತ್ತು, ಬೆನ್ನಿಗೆ ಮನೆಯ ಹಣ ಇತ್ತು. 1925ರ ಮೇನಲ್ಲಿ ಲಾಂಗ್ ಜಂಪ್ ಮಾಡುವಾಗ ಕಾಲು ಮುರಿಯಿತು. ಅಲ್ಲಿಗೆ ಮೈದಾನದ ಬದುಕು ಮುಗಿಯಿತು, ವಯಸ್ಸು 25. ಆಮೇಲೆ ಪತ್ರಿಕೆಗೆ ಬರೆದರು, ಬಿಬಿಸಿ ರೇಡಿಯೋದಲ್ಲಿ ದಶಕಗಟ್ಟಲೆ ಮಾತಾಡಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬಹಿಷ್ಕಾರ ಬೇಡ ಅಂದವರಲ್ಲಿ ಯಹೂದಿಯಾದ ಅವರೂ ಒಬ್ಬರು. ಈ ನಿಲುವನ್ನು ಒಪ್ಪುವುದು ನನಗೆ ಕಷ್ಟ. ಅಲ್ಲಿ 1500 ಮೀಟರ್ ವೀಕ್ಷಕ ವಿವರಣೆ ಕೊಡುತ್ತಾ, ಗೆಳೆಯ ಜ್ಯಾಕ್ ಲವ್‌ಲಾಕ್ ಮುಂದೆ ಬಂದಾಗ ಎಲ್ಲ ಮರೆತು ‘ಕಮಾನ್ ಜ್ಯಾಕ್’ ಅಂತ ಮೈಕಿನಲ್ಲೇ ಕೂಗಿದರು.

ಇಂಥ ಬೆನ್ನಾಸರೆ ಇಲ್ಲದವರ ಕಥೆ ಬೇರೆ. ಓಟಗಾರ ಹ್ಯಾರಿ ಎಡ್ವರ್ಡ್ ಬೆಳೆದಿದ್ದು ಜರ್ಮನಿಯಲ್ಲಿ. ಬ್ರಿಟಿಷ್ ಪ್ರಜೆ ಅನ್ನುವ ಕಾರಣಕ್ಕೆ ಯುದ್ಧಕಾಲದಲ್ಲಿ ರುಹ್ಲೆಬೆನ್ ಶಿಬಿರದಲ್ಲಿ ಬಂಧಿಯಾಗಿದ್ದರು. ಹೊರಬಂದ ಮೇಲೆ ಮುಸಾಬಿನಿ ಕೈಯಲ್ಲಿ ಪಳಗಿ, 1920ರಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಕಂಚು ಗೆದ್ದರು. 1922ರ ಇಂಗ್ಲಿಷ್ ಚಾಂಪಿಯನ್‌ಶಿಪ್‌ನಲ್ಲಿ ಒಂದೇ ಗಂಟೆಯೊಳಗೆ 100, 220, 440 ಗಜದ ಮೂರೂ ಓಟ ಗೆದ್ದರು! ಅವರು ಮರುವರ್ಷವೇ ಅಮೆರಿಕಕ್ಕೆ ಹೊರಟುಹೋದರು. ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಇನ್ನೊಬ್ಬರು ಜ್ಯಾಕ್ ಲಂಡನ್, 1928ರಲ್ಲಿ ಬ್ರಿಟನ್ ಪರವಾಗಿ 100 ಮೀಟರ್ ಬೆಳ್ಳಿ ಗೆದ್ದರು. ಆಮೇಲೆ ಅವರಿಗೆ ಅನ್ನ ಕೊಟ್ಟಿದ್ದು ಲಂಡನ್ನಿನ ರಂಗಮಂದಿರಗಳ ಪಿಯಾನೋ. ಇವರಿಬ್ಬರೂ ಹವ್ಯಾಸಿಗಳೇ, ಏಬ್ರಹಾಮ್ಸ್‌ಗೆ ಅನ್ವಯವಾಗುವ ನಿಯಮವೇ ಇವರಿಗೂ. ಆದರೆ ಆ ನಿಯಮದ ಭಾರ ಒಬ್ಬೊಬ್ಬರ ಮೇಲೆ ಒಂದೊಂದು ಥರ.

ಕೆಲಸಕ್ಕೆ ರಜೆ ಹಾಕಿ ಓಡಲು ಹೋದವನಿಗೆ ಕಳೆದುಹೋದ ಕೂಲಿಯನ್ನಾದರೂ ತುಂಬಿಕೊಡಿ ಅನ್ನುವ ಬೇಡಿಕೆ ಆ ಕಾಲದಲ್ಲೇ ಎದ್ದಿತ್ತು. ಬ್ರಿಟಿಷರು ಸುತಾರಾಂ ಒಪ್ಪಲಿಲ್ಲ. ಇದೇ ವಿಷಯಕ್ಕೆ ಅವರ ಫುಟ್‌ಬಾಲ್ ಸಂಸ್ಥೆಗಳು 1928ರಲ್ಲಿ ಫಿಫಾದಿಂದಲೇ ಹೊರನಡೆದವು. 1932ರಲ್ಲಿ ಫಿನ್ಲೆಂಡಿನ ಮಹಾನ್ ಓಟಗಾರ ಪಾವೊ ನುರ್ಮಿ, ಪ್ರಯಾಣ ಖರ್ಚಿನ ಹೆಸರಿನಲ್ಲಿ ಜಾಸ್ತಿ ದುಡ್ಡು ಪಡೆದರು ಅಂತ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಅವರನ್ನು ಒಲಿಂಪಿಕ್ಸ್‌ನಿಂದ ಹೊರಗಿಟ್ಟಿತು.

ಏಬ್ರಹಾಮ್ಸ್ ಆ ಮೇಲೆ ಯಾವ ಕಡೆ ನಿಂತರು? ದುಡ್ಡು ಕೊಟ್ಟು ಕೋಚ್ ಇಟ್ಟುಕೊಂಡು ಹಳಬರ ಹುಬ್ಬೇರಿಸಿದ ಅದೇ ಮನುಷ್ಯ ಮುಂದೆ ಅದೇ ಹವ್ಯಾಸಿ ಸಂಸ್ಥೆಯ ಕುರ್ಚಿಗಳಲ್ಲಿ ಕೂತರು. ಬ್ರಿಟಿಷ್ ಅಥ್ಲೆಟಿಕ್ ಮಂಡಳಿಯ ಖಜಾಂಚಿಯಾದರು, ಅಧ್ಯಕ್ಷರೂ ಆದರು. ಸರ್ಕಾರಿ ನೌಕರಿಯೂ ಮಾಡಿದರು, 1950ರಿಂದ 1963ರವರೆಗೆ ರಾಷ್ಟ್ರೀಯ ಉದ್ಯಾನಗಳ ಆಯೋಗದ ಕಾರ್ಯದರ್ಶಿ. ಅಂಕಿಅಂಶ, ದಾಖಲೆ, ಸ್ಟಾಪ್‌ವಾಚ್ ಅಂದರೆ ಪ್ರಾಣ. ಅಥ್ಲೆಟಿಕ್ಸ್‌ಗೆ ಅವರು ಮಾಡಿದ ಸೇವೆ ಕಡಿಮೆಯದ್ದಲ್ಲ, ಆದರೆ ಹವ್ಯಾಸಿ ನಿಯಮ ಅವರ ಕಾಲದಲ್ಲಿ ಬೀಳಲಿಲ್ಲ. 1978ರ ಜನವರಿಯಲ್ಲಿ ಅವರು ತೀರಿಕೊಂಡರು. ಓಟಗಾರರು ಗಳಿಸಿದ ದುಡ್ಡನ್ನು ಟ್ರಸ್ಟ್ ನಿಧಿಯಲ್ಲಿ ಇಟ್ಟುಕೊಳ್ಳಲು ಅಂತರರಾಷ್ಟ್ರೀಯ ಸಂಸ್ಥೆ ಅನುಮತಿ ಕೊಟ್ಟಿದ್ದು 1982ರಲ್ಲಿ. ಆ ಸಂಸ್ಥೆ ತನ್ನ ಹೆಸರಿನಿಂದ ‘ಅಮೆಚೂರ್’ ತೆಗೆದಿದ್ದು 2001ರಲ್ಲಿ.